ಮಾರ್ಚಿಗೆ ಮುಗಿಯುವ ರಜೆ

ಗೋಕಾಕ,
12 ಜನವರಿ 2026

ಪ್ರೀತಿಯ ಅಮ್ಮೀ,

ಅಸ್ಸಲಾಮು ಅಲೈಕುಮ್. ಮಸ್ಕತ್ತಿನಲ್ಲಿ ನೀನು ಆರಾಮಾಗಿದ್ದೀ ಎಂದುಕೊಂಡು ಬರೆಯುತ್ತಿದ್ದೇನೆ. ಶಾಲೆಯ ಹಾಸ್ಟೆಲಿನಲ್ಲಿ ಫೋನು ಕೊಡುತ್ತಿರಲಿಲ್ಲವೆಂದು ವಾರವಾರ ಪತ್ರ ಬರೆಯುತ್ತಿದ್ದವಳು, ಕಾಲೇಜು ಸೇರಿದ ಮೇಲೆ ಒಂದೂ ಬರೆದಿಲ್ಲ. ತಪ್ಪಾಯಿತು. ಆದರೆ ಫೋನಿನಲ್ಲಿ ಕೆಲವು ಮಾತು ಆಗುವುದೇ ಇಲ್ಲ. ನಾನು ಯಮಕನಮರಡಿಯ ಮನೆಯಲ್ಲಿದ್ದಾಗ ನೀನು ಕಾಲ್ ಮಾಡಿದರೆ ಗಫಾರ ಮಾಮಾ, ನಾನಿ, ಮಾಮಿ ಸುತ್ತ ಕೂತಿರುತ್ತಾರೆ. "ಊಟ ಆತೇನು" ಎನ್ನುವಷ್ಟರಲ್ಲಿ ನನ್ನ ಪಾಳಿ ಮುಗಿಯುತ್ತದೆ. ಇಲ್ಲಿ ಗೋಕಾಕದ ಖಾಸಗಿ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ಹುಡುಗಿಯರು. ಅಳು ಬಂದರೆ ಎಲ್ಲಿಗೆ ಹೋಗಲಿ? ನಿನ್ನ ಜೊತೆ ಕೆಲಸ ಮಾಡುವ ಯಾಸ್ಮೀನ ಆಂಟಿ ರಜೆ ಮುಗಿಸಿ ಶುಕ್ರವಾರ ಹೊರಟಿದ್ದಾರೆ. ಅವರ ಕೈಯಲ್ಲಿ ಕರದಂಟು, ಜೊತೆಗೆ ಇದು.

ನನ್ನ ಸುದ್ದಿ ಏನೂ ವಿಶೇಷವಿಲ್ಲ. ಇಂಟರ್ನಲ್ಸ್ ಮುಗಿದವು, ಅಕೌಂಟೆನ್ಸಿ ಸುಮಾರು. ಇಂಗ್ಲಿಷ್ ಲೆಕ್ಚರರ್ ನನ್ನನ್ನು ಎಬ್ಬಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬರೀ "ಎಸ್ ಸರ್" ಅಂದು ಕೂತುಬಿಡುತ್ತೇನೆ. ರೂಮ್‌ಮೇಟ್ ಅನ್ನಪೂರ್ಣಾ ಹೇಳುವ ಪ್ರಕಾರ ನಾನು ನಿದ್ದೆಯಲ್ಲೂ "ಎಸ್ ಸರ್" ಅನ್ನುತ್ತೇನಂತೆ. ಎಲ್ಲದಕ್ಕೂ ಟೆನ್ಶನ್ ಮಾಡಿಕೊಳ್ಳುವ ಸ್ವಭಾವ ನಿನ್ನಿಂದಲೇ ಬಂದದ್ದು ಎಂದು ನಾನಿ ಹೇಳುತ್ತಾಳೆ.

ಈಗ ಮುಖ್ಯ ವಿಷಯ. ಇಲ್ಲಿಯ ಸರ್ಕಾರಿ ನೌಕರಿಗೆ ನೀನು ಹಾಕಿದ ಐದು ವರ್ಷದ ರಜೆ ಬರುವ ಮಾರ್ಚಿಗೆ ಮುಗಿಯುತ್ತದೆ, ಅಲ್ಲಿಯ ದವಾಖಾನೆಯವರು ಇನ್ನೂ ಮೂರು ವರ್ಷ ಇರು ಎನ್ನುತ್ತಿದ್ದಾರೆ ಎಂದು ನೀನೇ ಹೇಳಿದ್ದೆ. ಇರಲಿ ಎನ್ನುವುದು ಮಾಮಾನ ವಿಚಾರ. ನಿನಗೆ ಹಾಗೆ ಬರೆಯಲು ನನಗೇ ಹೇಳಿದ. ಅವನ ಲೆಕ್ಕ ಸರಳ: "ಅಲ್ಲೀದೂ ಸರ್ಕಾರಿ ದವಾಖಾನಿ, ಇಲ್ಲೀದೂ ಸರ್ಕಾರಿ ದವಾಖಾನಿ. ಅಕ್ಕಾನ ಸರ್ವಿಸ್ ಎಲ್ಲಿ ಹೋಗ್ತೈತಿ?"

ನಾನೂ ಇಷ್ಟು ದಿನ ಹಾಗೇ ತಿಳಿದಿದ್ದೆ. ನೀನೂ ಹಾಗೇ ತಿಳಿದಿದ್ದೀಯೇನೋ. ಸಂಶಯ ಬಂದು ಅನ್ನಪೂರ್ಣಾಳನ್ನು ಕರೆದುಕೊಂಡು ಹುಕ್ಕೇರಿಗೆ, ನಿಮ್ಮ ಇಲಾಖೆಯ ಕಚೇರಿಗೆ ಹೋದೆ. ಮೊದಲ ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದೆವು, ನನಗೆ ಒಳಗೆ ಹೋಗಲು ಧೈರ್ಯವಾಗಲಿಲ್ಲ. ಎರಡನೆಯ ಸಲ ಸತ್ಯಪ್ಪ ಎಂಬ ಗುಮಾಸ್ತರು ಸಿಕ್ಕರು. ಯಮಕನಮರಡಿಯ ಶಹನಾಜ ಸಿಸ್ಟರ್ ಮಗಳು ಎಂದ ಕೂಡಲೇ ಕುರ್ಚಿ ಎಳೆದು ಕೂರಿಸಿದರು. ನೀನು ಅವರ ಹೆಂಡತಿಯ ಹೆರಿಗೆ ಮಾಡಿಸಿದ್ದೆಯಂತೆ.

"ಹಳೇ ಪಿಂಚಣಿಯವರು ಅದಾರವಾ ನಿಮ್ಮ ತಾಯಿ," ಎಂದರು. "ನಾವು ಒಂದ ವರ್ಷ ತಡಾ ಮಾಡಿ ನೌಕರಿಗೆ ಸೇರಿ ಹೊಸದರಾಗ ಬಿದ್ವಿ. ಅಂಥಾದ್ದನ್ನ ಯಾರರ ಬಿಡ್ತಾರೇನ?"

ಅಲ್ಲಿ ದುಡಿದ ಈ ಐದು ವರ್ಷ ಇಲ್ಲಿಯ ಸೇವೆಗೆ ಸೇರುವುದಿಲ್ಲವಂತೆ. ನಿನ್ನದು ಪಗಾರವಿಲ್ಲದ ರಜೆ. ಅಲ್ಲಿಯ ದವಾಖಾನೆ ಯಾವ ಸರ್ಕಾರದ್ದಾದರೂ ಇಲ್ಲಿಯವರಿಗೆ ಅದು ಬೇರೆ ನೌಕರಿಯೇ. ರಜೆ ಮುಗಿದ ಮರುದಿನ ಬಂದು ಹಾಜರಾಗಬೇಕು. ಬರದಿದ್ದರೆ ಮೊದಲಿನ ಹದಿನಾರು ವರ್ಷವೂ ಕೈಬಿಟ್ಟು ಹೋಗಬಹುದು. ಮಸ್ಕತ್ತಿನವರು ಬಿಡುವಾಗ ದುಡ್ಡಿನ ಒಂದು ಗಂಟು ಕೊಟ್ಟು ಕಳಿಸುತ್ತಾರೆ, ಅಷ್ಟೇ. ಮುಪ್ಪಿನಲ್ಲಿ ತಿಂಗಳ ತಿಂಗಳ ಕೊಡುವವರು ಇಲ್ಲಿಯವರು ಮಾತ್ರ.

ಮನೆಯಲ್ಲಿ ಹೇಳಿದೆ. ಮಾಮಾ, ಕಾಲೇಜಿಗೆ ಹೋಗಿ ಆರು ತಿಂಗಳಾಗಿಲ್ಲ, ಆಗಲೇ ವಕೀಲಕಿ ಶುರು ಮಾಡಿದಳು ಎಂದು ನನ್ನ ಕಾಲೆಳೆದ. ಅವನು ಕೆಟ್ಟವನಲ್ಲ, ನಿನಗೇ ಗೊತ್ತು. ಅಬ್ಬಾ ಹೋದ ಮೇಲೆ ನಮ್ಮನ್ನು ನೋಡಿಕೊಂಡವನು ಅವನೇ. ನನ್ನ ಮುಂದಿನ ಓದಿಗೆ ಏನು ಮಾಡುವುದೆಂಬ ಚಿಂತೆ ಅವನದು. ಆದರೆ ನಾನಿ, ತಸ್ಬೀ ಮಣಿ ಎಣಿಸುವುದನ್ನು ನಿಲ್ಲಿಸಿ, "ಬರ್ಲಿ ಬಿಡೋ ಗಫಾರ. ಆಕಿನ್ನ ಇನ್ನ ಎಷ್ಟ ದುಡಸ್ತಿ?" ಎಂದಳು.

ಇಲ್ಲಿಯ ಪಗಾರ ಅಲ್ಲಿಯದಕ್ಕಿಂತ ಕಡಿಮೆ ಎಂಬುದು ನನಗೆ ಗೊತ್ತು. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿದ್ದೇನೆ, ಮುಂದಿನ ವರ್ಷ ಸಿಗಬಹುದು. ಆದ್ದರಿಂದ ವಿಚಾರ ಮಾಡು ಅಮ್ಮೀ. ಪಿಂಚಣಿ ಸಣ್ಣ ಮಾತಲ್ಲ. ಎಕ್ಸ್‌ಟೆನ್ಶನ್‌ಗೆ ಸಹಿ ಹಾಕಬೇಡ.

ರಾತ್ರಿ ಪಾಳಿ ಇದ್ದಾಗ ಹೊಟ್ಟೆಗೆ ಏನಾದರೂ ತಿಂದು ಹೋಗು. ನಾನಿ ಐದು ಹೊತ್ತೂ ನಿನ್ನ ಹೆಸರಿನಲ್ಲಿ ದುವಾ ಕೇಳುತ್ತಾಳೆ, ನಾನು ನೆನಪಾದಾಗಲೆಲ್ಲ. ಅಲ್ಲಾಹ್ ನಿನ್ನ ಕೈಕಾಲು ಗಟ್ಟಿಯಾಗಿಡಲಿ.

ನಿನ್ನ
ಹೀನಾ

ತಾ.ಕ.: ಯಾಸ್ಮೀನ ಆಂಟಿಯ ಮೇಲೆ ಸಿಟ್ಟಾಗಬೇಡ, ಅವರಿಗೆ ನಾನು ಕೇಳಿಸಿಕೊಂಡದ್ದೂ ತಿಳಿದಿಲ್ಲ. ರಜೆಗೆ ಬಂದ ಹೊಸದರಲ್ಲಿ ನಮ್ಮ ಮನೆಗೆ ಬಂದು ಮಾಮಿಯ ಮುಂದೆ ಹೇಳುತ್ತಿದ್ದರು: ಹೋದ ವರ್ಷ ಈದ್‌ಗೆ ಊರಿಗೆ ಬರಲು ನಿನಗೆ ಅಲ್ಲಿ ರಜೆ ಸಿಕ್ಕಿತ್ತು, ನೀನೇ ತೆಗೆದುಕೊಳ್ಳದೆ ಅದಕ್ಕೆ ಬದಲಾಗಿ ಪಗಾರ ತೆಗೆದುಕೊಂಡೆ ಎಂದು. ರಜೆ ಕೊಡಲಿಲ್ಲವೆಂದು ನೀನು ಫೋನಿನಲ್ಲಿ ಅತ್ತಿದ್ದೆ, ನಾನು ಸಮಾಧಾನ ಮಾಡಿದ್ದೆ. ಆ ದುಡ್ಡು ನನ್ನ ಅಡ್ಮಿಶನ್‌ಗೆ ಬಂತು, ಅದನ್ನೂ ಬಲ್ಲೆ. ಆದರೆ ಬಾ ಎಂದು ನಾನು ಕರೆದರೆ ನೀನು ಬರುವುದಿಲ್ಲ ಎಂದು ಅವತ್ತು ತಿಳಿಯಿತು. ಹುಕ್ಕೇರಿಗೆ ಹೋದದ್ದು ಅದಕ್ಕೇ, ನನಗಿಂತ ದೊಡ್ಡ ಕಾರಣವೊಂದು ಬೇಕಾಗಿತ್ತು. ಬಂದಾಗ ಎಲ್ಲರ ಮುಂದೆ ಪಿಂಚಣಿಗಾಗಿ ಬಂದೆ ಎಂದೇ ಹೇಳು. ನನಗೊಬ್ಬಳಿಗೆ ಬೇರೆ ಕಾರಣ ಹೇಳು. ಸುಳ್ಳಾದರೂ ನಡೆಯುತ್ತದೆ.