ದಣಿಯದ ದೋಣಿಗಳು

ಬೇಸಿಗೆ ತಿಂಗಳ ಮೂವತ್ತೆಂಟನೆಯ ತಾರೀಕು, 2231
ಕೃಷ್ಣೆಯ ಬಲದಂಡೆ

ಇನ್ನೂರು ವರ್ಷ ಹಿಂದೆ ಕೂತು ಯುದ್ಧದಾಟಗಳನ್ನು ರೂಪಿಸುತ್ತಿರುವವರಿಗೆ, ನೀಲಗಂಗಾ ಹಡಪದಳ ನಮಸ್ಕಾರಗಳು.

ತಾರೀಕು ತಪ್ಪಾಗಿದೆ ಎಂದುಕೊಳ್ಳಬೇಡಿ. ನಮ್ಮ ಬೇಸಿಗೆಯ ತಿಂಗಳು ನಲವತ್ತು ದಿನದ್ದು. ನಿಮಗೆ ತಿಳಿಯುವ ಹಳೆಯ ಕನ್ನಡದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ನಡುವೆ ನಮ್ಮ ಕಾಲದ ಮಾತು ನುಸುಳಿದರೆ ಮನ್ನಿಸಿ. ಬೆಳಗಿನಿಂದ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಎದ್ದು ಹೋಗಿ ಆಕಾಶ ನೋಡಿ ಬಂದೆ. ಮಳೆಗೆ ಇನ್ನು ಎಂಟು ದಿನ. ಅಷ್ಟರೊಳಗೆ ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮಲ್ಲಿ ಎರಡು ಬಗೆಯ ಜನ. ದಂಡೆಯವರಾದ ನಾವು ನೆರಳುಬಲೆಯ ಕೆಳಗೆ ಜೋಳ ಬೆಳೆಯುತ್ತೇವೆ, ನೀರೆತ್ತುವ ಪಂಪುಗಳನ್ನು ಕಾಯುತ್ತೇವೆ. ಹಿನ್ನೀರಿನ ಮೇಲೆ ತೇಲೂರುಗಳಿವೆ, ಅಂದರೆ ನೂರಾರು ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಮಾಡಿಕೊಂಡ ಊರುಗಳು. ಅಲ್ಲಿಯವರು ತೆಪ್ಪದ ಮೇಲೆ ಮಣ್ಣು ಹರಡಿ ಮೆಂತ್ಯ, ಸೌತೆ ಬೆಳೆಯುತ್ತಾರೆ, ಬಾತುಕೋಳಿ ಸಾಕುತ್ತಾರೆ, ಮೀನು ಒಣಗಿಸುತ್ತಾರೆ. ನಾವು ಪಂಪು ಹಚ್ಚಿದಷ್ಟೂ ಅವರ ಕೆಳಗಿನ ನೀರು ಇಳಿಯುತ್ತದೆ. ಜಗಳ ಅದಕ್ಕೇ. ಅವರು ನಮ್ಮ ಪಂಪು ಕದಿಯುತ್ತಾರೆ, ನಾವು ಅವರ ಹಗ್ಗ ಕಡಿಯುತ್ತೇವೆ. ಬಿರುಗಾಳಿ ಎದ್ದಾಗ ದೋಣಿಗಳು ಒಳಗೆ ಬಂದು ನಿಲ್ಲಲೆಂದು ದಂಡೆಯಲ್ಲಿ ಅಗಲವಾದ ಒಂದು ಆಸರೆಗಾಲುವೆ ಇದೆ. ಅದರ ಗೇಟು ಮಾತ್ರ ನಮ್ಮ ಕೈಯಲ್ಲಿದೆ.

ಹದಿನಾರು ವರ್ಷದ ಹಿಂದೆ ನಮ್ಮ ದಂಡೆಯ ಸಭೆ ನನಗೊಂದು ಆಟ ಮಾಡಿಕೊಡಲು ಹೇಳಿತು. ಶಾಲೆಯ ಮಕ್ಕಳು ಅದನ್ನು ಆಡಿ ದಂಡೆ ಕಾಯುವುದನ್ನು ಕಲಿಯಬೇಕಿತ್ತು. ಎರಡು ಪಕ್ಷಗಳೂ ಒಂದೇ ತರಹ ಇದ್ದರೆ ಆಟ ಸಪ್ಪೆಯಾಗುತ್ತದೆಂದು ನಿಮಗೂ ಗೊತ್ತು. ಆಡುವವರಿಗೆ ದಂಡೆಯನ್ನು ಕೊಟ್ಟೆ. ಅದು ಕಟ್ಟುತ್ತದೆ, ಕೂಡಿಡುತ್ತದೆ, ಹಸಿಯುತ್ತದೆ, ಮಳೆಗೆ ಅಂಜುತ್ತದೆ. ಕಂಪ್ಯೂಟರಿಗೆ ತೇಲೂರನ್ನು ಕೊಟ್ಟೆ. ಅದು ಏನನ್ನೂ ಕಟ್ಟುವುದಿಲ್ಲ, ಬರುತ್ತದೆ ಅಷ್ಟೆ. ಎಷ್ಟು ಮುಳುಗಿಸಿದರೂ ಇನ್ನಷ್ಟು ದೋಣಿಗಳು ಬರುತ್ತವೆ. ಅದರ ಪಕ್ಷಕ್ಕೆ ಊಟ, ನಿದ್ದೆ, ಮಕ್ಕಳು ಇರಲಿಲ್ಲ. ಇಟ್ಟರೆ ಯಂತ್ರಕ್ಕೆ ಭಾರ, ಆಡುವವರ ಕಣ್ಣಿಗಂತೂ ಬೀಳುವುದಿಲ್ಲ ಎಂದು ಬಿಟ್ಟೆ. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಕೆಲಸ ಹಗುರಾಯಿತು ಎಂದು ಖುಷಿಪಟ್ಟಿದ್ದೆ.

ಅದನ್ನು ಮೊದಲು ಆಡಿದವಳು ನನ್ನ ತಂಗಿಯ ಮಗಳು ಗುರುಬಾಯಿ. ಆಗ ಅವಳಿಗೆ ಹತ್ತು ವರ್ಷ. "ದೊಡ್ಡವ್ವ, ಈ ದೋಣಿ ನಿಂದ್ರೂದೇ ಇಲ್ಲಲ್ಲ! ಮಸ್ತ್ ಮಾಡೀದಿ!" ಎಂದು ಕುಣಿದಾಡಿದ್ದಳು. ಒಂಬತ್ತನೆಯ ಸುತ್ತಿನಲ್ಲಿ ದೋಣಿಗಳೆಲ್ಲ ಗುಂಪಾಗಿ ಗೇಟಿನ ಮೇಲೆ ಬೀಳುತ್ತವೆ. ಗೇಟು ಮುಚ್ಚಿಟ್ಟುಕೊಂಡವರು ಗೆಲ್ಲುತ್ತಾರೆ. ಅವಳು ಗೆದ್ದಳು. ದಂಡೆಯ ಮಕ್ಕಳೆಲ್ಲ ಗೆದ್ದರು.

ದೊಡ್ಡವಳಾದ ಮೇಲೆ ಗುರುಬಾಯಿ ಆಸರೆಗಾಲುವೆಯ ಗೇಟಿನ ಕೆಲಸಕ್ಕೆ ಸೇರಿದಳು. ಹೋದ ಮಳೆಗಾಲದ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಸಂದೇಶದ ಕಂಬ ಬಿದ್ದುಹೋಗಿ ಯಾರ ಮಾತೂ ಯಾರಿಗೂ ಕೇಳದಂತಾಯಿತು. ನಲವತ್ತೆರಡು ದೋಣಿಗಳು ಒಟ್ಟಾಗಿ ಗೇಟಿನ ಕಡೆ ಬಂದವು. ಹಿಂದಿನ ವಾರವಷ್ಟೇ ಎರಡು ಪಂಪು ಕಳುವಾಗಿದ್ದವು. ಗುರುಬಾಯಿ ಎರಡು ತಾಸು ಗೇಟು ತೆರೆಯಲಿಲ್ಲ. ಆಮೇಲೆ ಗೋಡೆಗೆ ಬಡಿದು ಒಡೆದ ದೋಣಿಯಿಂದ ಒಬ್ಬ ಹೆಂಗಸು ಹಾಸಿಗೆಯಲ್ಲಿ ಸುತ್ತಿದ ಮುದುಕನನ್ನು ಎತ್ತಿ ಹಿಡಿದದ್ದು ಕಂಡಿತು. ಆಗ ತೆರೆದಳು. ಅಷ್ಟರಲ್ಲಿ ಮೂರು ಜನ ಸತ್ತಿದ್ದರು.

ವಿಚಾರಣೆ ನಡೆಯಿತು. ಅವಳು ನಿಯಮದಂತೆ ನಡೆದಿದ್ದಾಳೆ, ತಪ್ಪಿಲ್ಲ ಎಂದರು. ಆಟದ ಮಾತನ್ನು ಯಾರೂ ಎತ್ತಲಿಲ್ಲ. ಒಂಬತ್ತು ದಿನ ಅನ್ನ ಬಿಟ್ಟು ಮಲಗಿದ್ದವಳು ಹತ್ತನೆಯ ದಿನ ನನ್ನ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತಳು.

"ದೊಡ್ಡವ್ವ, ನಾ ಸಿಟ್ಟಿಲೆ ಮುಚ್ಚಲಿಲ್ಲ. ಅವರಿಗೆ ದಣಿವು ಆಗತೈತಿ ಅಂತ ನನ್ನ ತಲಿಗೇ ಬರಲಿಲ್ಲ."

ಇಷ್ಟೇ ಹೇಳಿದಳು, ನನ್ನ ಕಡೆ ಬೆರಳು ತೋರಿಸಲಿಲ್ಲ. ತೋರಿಸಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ನಿಂತುಬಿಟ್ಟೆ. ಅವಳಿಗೆ ಹತ್ತು ವರ್ಷವಿದ್ದಾಗ ಆ ದೋಣಿಗಳನ್ನು ಕೈಯಾರೆ ಕೊಟ್ಟವಳು ನಾನು.

ಮುಂದಿನ ವಾರ ಮೊದಲ ಸಲ ತೇಲೂರಿಗೆ ಹೋದೆ. ಮುದುಕನನ್ನು ಎತ್ತಿ ಹಿಡಿದಿದ್ದವಳು ಹುಸೇನಬಿ. ಮುದುಕ ಅವಳ ಮಾವ, ಬದುಕಲಿಲ್ಲ. ನಾನು ಯಾರೆಂದು ಹೇಳಿದೆ. ಬಾತುಕೋಳಿಗೆ ಕಾಳು ಹಾಕುತ್ತಿದ್ದವಳು ಹಾಕುತ್ತಲೇ ಇದ್ದಳು, ಕೂರಲು ಹೇಳಲಿಲ್ಲ. ನಿಂತೇ ಕ್ಷಮೆ ಕೇಳಿದೆ, ಆಟವನ್ನು ಬದಲಿಸುತ್ತೇನೆ ಎಂದೆ. ಆತುರದಲ್ಲಿ ಹದಿನೈದು ದಿನದೊಳಗೆ ಬದಲಿಸಿಯೂ ಬಿಟ್ಟೆ. ತೇಲೂರಿಗೂ ದಂಡೆಯಂತೆಯೇ ಉಗ್ರಾಣ, ಗೋಡೆ, ಕಾವಲು ಎಲ್ಲ ಕೊಟ್ಟು ಅವಳಿಗೆ ತೋರಿಸಿದೆ. ಅವಳು ನಕ್ಕಳು.

"ಇವರು ನಾವಲ್ಲ ಬಿಡ್ರಿ. ನಿಮ್ಮ ಮಂದೀನ್ನ ದೋಣ್ಯಾಗ ಕುಂದರಿಸೀರಿ."

"ಮತ್ತ ಏನ್ ಮಾಡ್ಲಿ, ನೀವೇ ಹೇಳ್ರಿ."

"ನಮ್ಮನ್ನ ಒಳ್ಳೇವ್ರನ್ನ ಮಾಡಬ್ಯಾಡ್ರಿ ಬಾಯಾರ. ನಾವೂ ಪಂಪ್ ಕದ್ದೀವಿ. ಆದ್ರ ಗಾಳಿ ಎದ್ರ ನಮಗ ಅಂಜಿಕಿ ಆಗತೈತಿ. ಹೊಟ್ಟಿ ಹಸಿತೈತಿ. ಮನ್ಯಾಗ ಮುದುಕರದಾರ, ಭಾಳ ದೂರ ಹೋಗಾಕ ಆಗೂದಿಲ್ಲ. ಅದನ್ನ ಹಾಕ್ರಿ."

ಅದನ್ನೇ ಹಾಕಿದೆ. ನಾಲ್ಕು ತಿಂಗಳು ಹಿಡಿಯಿತು. ಈಗ ಕಂಪ್ಯೂಟರಿನ ಪಕ್ಷ ಮೊದಲಿಗಿಂತ ಬೇರೆಯಾಗಿ ಆಡುತ್ತದೆ, ದಂಡೆಗಿಂತಲೂ ಬೇರೆಯಾಗಿ. ಅದು ಹಸಿದಾಗ ಕದಿಯುತ್ತದೆ, ಹೊಟ್ಟೆ ತುಂಬಿದಾಗ ಸೌತೆ ಮಾರಲು ಬರುತ್ತದೆ, ಗಾಳಿ ಎದ್ದಾಗ ಎಲ್ಲ ಬಿಟ್ಟು ಆಸರೆಗೆ ಓಡಿಬರುತ್ತದೆ. ಗೇಟಿನ ಮುಂದೆ ದೋಣಿಗಳು ಗುಂಪಾದಾಗ ಕಾರಣ ಯಾವುದೆಂದು ಆಡುವವರೇ ನೋಡಿ ತಿಳಿಯಬೇಕು. ದೋಣಿಗಳು ಎಷ್ಟು ಜೋಲಿ ಹೊಡೆಯುತ್ತಿವೆ, ಅವುಗಳಲ್ಲಿ ಯಾರು ಯಾರು ಇದ್ದಾರೆ, ಎಲ್ಲ ಕಾಣುತ್ತದೆ. ಆದರೂ ಒಮ್ಮೊಮ್ಮೆ ತಿಳಿಯುವುದಿಲ್ಲ.

ಸಭೆ ಇದನ್ನು ಒಪ್ಪಲಿಲ್ಲ. ಮಕ್ಕಳಿಗೆ ಗೊಂದಲವಾಗುತ್ತದೆ, ಗೆದ್ದೆವೋ ಸೋತೆವೋ ಎಂದೇ ಗೊತ್ತಾಗುವುದಿಲ್ಲ ಎಂದರು. ಶಾಲೆಗಳಲ್ಲಿ ಇಂದಿಗೂ ಹಳೆಯದೇ ನಡೆಯುತ್ತಿದೆ. ಈ ಹೊತ್ತಿಗೂ ಯಾವುದೋ ಮಗು ಒಂಬತ್ತನೆಯ ಸುತ್ತು ಗೆದ್ದು ಕುಣಿಯುತ್ತಿರಬಹುದು. ಅದು ನೆನಪಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹೊಸದನ್ನು ನಮ್ಮ ಓಣಿಯ ನಾಲ್ಕು ಮನೆಗಳಲ್ಲಿ, ಹುಸೇನಬಿಯ ತೇಲೂರಿನಲ್ಲಿ ಆಡುತ್ತಾರೆ, ಅಷ್ಟೇ.

ನಿನ್ನೆ ಗುರುಬಾಯಿ ಅದನ್ನು ಮೊದಲ ಸಲ ಆಡಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಗಾಳಿಯ ಸುತ್ತು ಬಂದಿತು, ದೋಣಿಗಳು ಗುಂಪಾದವು. ಅವಳು ಬಹಳ ಹೊತ್ತು ನೋಡಿ ಗೇಟು ತೆರೆದಳು. ಆ ಸಲ ಅವರು ಗಾಳಿಯ ನೆಪದಲ್ಲಿ ಕದಿಯಲೆಂದೇ ಬಂದಿದ್ದರು. ಅವಳ ಪಂಪುಗಳನ್ನೆಲ್ಲ ಹೊತ್ತುಕೊಂಡು ಹೋದರು. ಇಡೀ ಆಟವನ್ನೇ ಅಳಿಸಿಬಿಡಲೇ ಎಂದು ನನಗೆ ಅನ್ನಿಸಿತು.

"ನಾ ಮೋಸ ಹೋದ್ನಿ ದೊಡ್ಡವ್ವ" ಎಂದಳು. ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು. ಗಾಳಿಯ ಸುತ್ತು ಮತ್ತೆ ಬಂದಿತು. ಮತ್ತೆ ಬಹಳ ಹೊತ್ತು ನೋಡಿದಳು, ಮತ್ತೆ ತೆರೆದಳು.

ಎಂಟು ದಿನದ ಮೇಲೆ, ಮಳೆಯ ಜೊತೆಗೇ, ಅವಳು ಅಂದಿನಿಂದ ಬಿಟ್ಟಿದ್ದ ಗೇಟಿನ ಕೆಲಸಕ್ಕೆ ಮರಳುತ್ತಾಳೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಕಂಪ್ಯೂಟರಿನ ಪಕ್ಷವನ್ನು ಆಡುವವರ ಪಕ್ಷಕ್ಕಿಂತ ಬೇರೆ ಮಾಡಿ, ಖಂಡಿತ ಮಾಡಿ. ಆದರೆ ಅದು ಹೇಗೆ ಮುತ್ತುತ್ತದೆ ಎಂದು ಬರೆಯುವ ಮೊದಲು, ಯಾವಾಗ ಅದಕ್ಕೆ ಸಾಕಾಗುತ್ತದೆ, ಯಾವಾಗ ಮನೆಗೆ ಹೋಗಬೇಕೆನಿಸುತ್ತದೆ ಎಂದು ಬರೆಯಿರಿ. ನಾನು ಹದಿನಾರು ವರ್ಷ ತಡಮಾಡಿದೆ. ನಿಮ್ಮ ಆಟವನ್ನು ಇನ್ನೂ ಯಾವ ಮಗುವೂ ಆಡಿಲ್ಲ.

ನಿಮ್ಮ,
ನೀಲಗಂಗಾ