ರಾಶಿಯ ಬುಡದ ಮಣ್ಣು

ಸಂಡೂರು
14-2-2006

ನನ್ನವ್ವ ಅಂಜಲಿ,

ಕೆಮ್ಮು ಹೋಯಿತೇ? ಪುಣೆಯ ಚಳಿಯಲ್ಲಿ ಬರೀ ಬ್ರೆಡ್ಡು ತಿಂದು ಮಲಗಬೇಡ. ನಿಮ್ಮವ್ವ ಶೇಂಗಾ ಚಟ್ನಿ ಕುಟ್ಟಿದ್ದಾಳೆ, ಪಾರ್ಸಲ್ಲಿನಲ್ಲಿ ಬರುತ್ತದೆ. ನಾನು ಗಟ್ಟಿ ಇದ್ದೇನೆ. ತೊಳೆದ ಅಂಗಿ ಒಣಗುವಷ್ಟರಲ್ಲಿ ಅದಿರು ಲಾರಿಗಳ ಧೂಳಿಗೆ ಕೆಂಪಾಗುತ್ತದೆ, ಅವಳ ಬೈಗುಳ ಮಾತ್ರ ನನಗೆ. ಮೊನ್ನೆ ಗಣಿಯಲ್ಲಿ ನನ್ನ ಜೊತೆಗಿದ್ದ ಹೊನ್ನೂರಸ್ವಾಮಿ ಮಾಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. “ಮಗಳು ಹೆಂಗದಾಳ ಕಾಳಪ್ಪಣ್ಣ?” ಎಂದು ಕೇಳಿದ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ನಾವಿಲ್ಲಿ ಬೆಟ್ಟ ಅಗೆದು ಹಡಗಿಗೆ ತುಂಬುವ ಕಬ್ಬಿಣವನ್ನೇ ನೀನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಅದಕ್ಕೆ ಹೊಳೆಯುವ ಬಣ್ಣ ಅಂಟಿಸಿ, ಇಲಿಯ ರಕ್ತಕ್ಕೆ ಬಿಡುತ್ತೀಯಂತೆ. ಅದು ಮಿದುಳಿನ ಗಡ್ಡೆಯಲ್ಲಿ ಹೋಗಿ ಕೂತರೆ ಎಂ.ಆರ್.ಐ. ಯಂತ್ರಕ್ಕೆ ಕಬ್ಬಿಣ ಕಾಣುತ್ತದೆ, ಇನ್ನೊಂದು ಯಂತ್ರಕ್ಕೆ ಬಣ್ಣ ಕಾಣುತ್ತದೆ. ಎರಡೂ ಚಿತ್ರ ಒಂದರ ಮೇಲೊಂದು ಇಟ್ಟರೆ ಗಡ್ಡೆಯ ಅಂಚು ಡಾಕ್ಟರಿಗೆ ಗೊತ್ತಾಗುತ್ತದೆ. ಚಹಾದಂಗಡಿಯಲ್ಲಿ ಇದನ್ನು ಹೇಳಿದರೆ ಒಬ್ಬನೂ ನಂಬಲಿಲ್ಲ. “ತಲ್ಯಾಗ ಅದಿರು ತುಂಬ್ತಾಳೇನೋ ನಿನ್ ಮಗಳು?” ಅಂದರು. ನಗಲಿ ಬಿಡು, ನನಗಂತೂ ಎದೆ ಉಬ್ಬಿತು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಹತ್ತು ಇಲಿಗಳಲ್ಲಿ ಏಳರ ಎರಡೂ ಚಿತ್ರ ಒಂದಕ್ಕೊಂದು ಹೊಂದಿದವು. ಮೂರರಲ್ಲಿ ಬಣ್ಣ ಕಳಚಿಕೊಂಡು ಗಡ್ಡೆ ಇಲ್ಲದ ಕಡೆ ಹೊಳೆಯಿತು. ಆ ಮೂರನ್ನು ಬಿಟ್ಟು ವರದಿ ಕೊಡು, ಯಾರಿಗೂ ತಿಳಿಯುವುದಿಲ್ಲ ಎಂದು ಜೊತೆಯವರು ಹೇಳುತ್ತಾರೆ. ಸೇರಿಸಿದರೆ ಎರಡು ವರ್ಷದ ಕೆಲಸ ಮತ್ತೆ ಮೊದಲಿನಿಂದ. ಈ ತಿಂಗಳೊಳಗೆ ಕೊಡಬೇಕು.

ಅವ್ವಾ, ನಿನ್ನ ವಿಜ್ಞಾನ ನನಗೆ ತಿಳಿಯದು, ಅದಿರಿನ ಗುಣ ನೋಡಲು ಸ್ಯಾಂಪಲ್ ತೆಗೆಯುವುದು ತಿಳಿಯುತ್ತದೆ. ಇಪ್ಪತ್ತೆರಡು ವರ್ಷ ಗಣಿಯಲ್ಲಿ ಅದನ್ನೇ ಮಾಡಿದ್ದೇನೆ. ಅದಿರಿನ ರಾಶಿಯ ನೆತ್ತಿ, ನಡು, ಬುಡ ಮೂರೂ ಕಡೆ ಸಲಿಕೆ ಹಾಕಿ, ಬಂದದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಬೇಕು. ನೆತ್ತಿಯಲ್ಲಿ ಯಾವಾಗಲೂ ಒಳ್ಳೆಯ ಅದಿರೇ. ಬೇಕೆಂದೇ ಮೇಲೆ ಸುರಿದಿರುತ್ತಾರೆ. ಬುಡದ ಮಣ್ಣನ್ನು ಎಸೆದವನು ಸ್ಯಾಂಪಲ್ಲಿನವನಲ್ಲ. ನಿನ್ನ ಮೂರು ಇಲಿಗಳು ಬುಡದ ಮಣ್ಣು, ಚೀಲಕ್ಕೆ ಹಾಕು. ಬಣ್ಣ ಯಾಕೆ ಕಳಚಿತೆಂದು ಆ ಮೂರರಿಂದಲೇ ಗೊತ್ತಾಗುತ್ತದೆ. ನೀನು ಕಂಡುಹಿಡಿಯುತ್ತೀ, ನನಗೆ ಅನುಮಾನವೇ ಇಲ್ಲ. ನಾಳೆ ಯಾರದೋ ತಲೆಗೆ ಚಾಕು ಇಡುವ ಡಾಕ್ಟರು ನಿನ್ನ ಚಿತ್ರವನ್ನೇ ನಂಬಿರುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಆಶೀರ್ವಾದ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ,
ಕಾಳಪ್ಪ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಹೋದ ವರ್ಷ ಮೊಣಕಾಲು ನೋವಿಗೆ ಗಣಿಯ ಕೆಲಸ ಬಿಟ್ಟೆ ಎಂದು ನಿನಗೆ ಹೇಳಿದ್ದು ಸುಳ್ಳು. ಹೋದ ಬೇಸಿಗೆ ಬಿಸಿಲಿಗೆ ಬೇಸತ್ತು ಒಂದು ರಾಶಿಯ ನೆತ್ತಿಯಿಂದಷ್ಟೇ ತೆಗೆದೆ. ಸ್ಯಾಂಪಲ್ಲಿನಲ್ಲಿ ಒಳ್ಳೆಯದೆಂದು ಬಂದ ಆ ಅದಿರು ಬಂದರಿನಲ್ಲಿ ಕಳಪೆ ಎಂದಾಯಿತು. ಸ್ಯಾಂಪಲ್ ಚೀಲವನ್ನು ಪರೀಕ್ಷೆಗೆ ಹೊತ್ತು ಹೋಗಿದ್ದ ಹೊನ್ನೂರಸ್ವಾಮಿಯೇ ಬದಲಿಸಿದ್ದಾನೆ ಎಂದು ಅವನನ್ನು ಕೆಲಸದಿಂದ ತೆಗೆದರು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಸಲಿಕೆ ಹಿಡಿಯಲೂ ಆಗಲಿಲ್ಲ. ಅವನೀಗ ಗಾದಿಗನೂರಿನಲ್ಲಿ ಲಾರಿ ತೊಳೆಯುತ್ತಾನೆ. ಈ ಕಾಗದ ಅಂಚೆ ಡಬ್ಬಿಗೆ ಹಾಕಿ ನೇರ ಅವನಲ್ಲಿಗೆ ಹೊರಟಿದ್ದೇನೆ. ಅವನನ್ನು ಕರೆದುಕೊಂಡೇ ಗಣಿಯ ಆಫೀಸಿಗೆ ಹೋಗಿ ತಪ್ಪು ನನ್ನದೆಂದು ಬರೆದು ಕೊಡುತ್ತೇನೆ. ನಿಮ್ಮವ್ವನಿಗೆ ಈಗಷ್ಟೇ ಹೇಳಿದೆ. ಅವಳು ಚಟ್ನಿಯಲ್ಲಿ ಅರ್ಧ ತೆಗೆದು ಅವನ ಮನೆಗೆಂದು ಕಟ್ಟಿಕೊಟ್ಟಳು. ಪಾರ್ಸಲ್ಲಿನಲ್ಲಿ ನಿನಗೆ ಅರ್ಧವೇ ಬರುತ್ತದೆ.