ಒಂದು ಗಂಟೆ ಹತ್ತು ನಿಮಿಷ ಆಫ್ ಆಗಿದ್ದ ಫೋನು

ಮೊಬೈಲ್ ಚಟ ಬಿಡಿಸಲು ಮೊಬೈಲನ್ನೇ ಕೈಗೆ ಕೊಟ್ಟ ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಅಕ್ಕನ ಮಗಳು ನಿಮ್ಮ ಆರೋಗ್ಯ ಕೇಂದ್ರದಲ್ಲಿ ನರ್ಸು. ಕೆಲಸದ ವೇಳೆಯಲ್ಲಿ ಒಂದು ಗಂಟೆ ಹತ್ತು ನಿಮಿಷ ಫೋನ್ ಆಫ್ ಮಾಡಿದ್ದಳೆಂದು ಅವಳಿಗೆ ನೋಟಿಸ್ ಕೊಟ್ಟಿದ್ದೀರಿ. ಸೋಮವಾರದೊಳಗೆ ಸಮಜಾಯಿಷಿ ಬಾರದಿದ್ದರೆ ಕೆಲಸದಿಂದ ತೆಗೆಯುತ್ತೀರಂತೆ. ಅದೇ ನೋಟಿಸಿನ ನೆತ್ತಿಯ ಮೇಲೆ ನಿಮ್ಮ ಅಭಿಯಾನದ ಹೆಸರು ದಪ್ಪಕ್ಷರದಲ್ಲಿದೆ: ‘ಫೋನ್ ಬದಿಗಿಡಿ, ಮನಸ್ಸು ಹಗುರ ಮಾಡಿ’. ಬದಿಗಿಟ್ಟವರಿಗೆ ಸಿಗುವ ಬಹುಮಾನ ಇದೇನಾ ಎಂದು ಕೇಳಲು ಕೂತಿದ್ದೇನೆ. ನಾನು ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ಆದರೆ ಪತ್ರಲೇಖನದಲ್ಲಿ ಇಡೀ ಶಾಲೆಗೆ ನಾನೇ ಮೊದಲು. ಮೇಷ್ಟ್ರು ತಮ್ಮ ರಜೆ ಅರ್ಜಿಯನ್ನೂ ನನ್ನಿಂದಲೇ ಬರೆಸುತ್ತಿದ್ದರು.

ಜನ ಫೋನಿಗೆ ಅಂಟಿಕೊಂಡು ನಿದ್ದೆ, ನಡಿಗೆ, ನೆಮ್ಮದಿ ಮೂರೂ ಕೆಟ್ಟಿವೆ ಎಂದಿರಿ. ಒಪ್ಪಿದೆ. ಪರಿಹಾರವೆಂದು ಒಂದು ಆ್ಯಪ್ ಕಳಿಸಿ, ಮನೆಮನೆಯಲ್ಲೂ ಅದನ್ನು ತುಂಬಿಸುವ ಹೊಣೆಯನ್ನು ನರ್ಸುಗಳ ತಲೆಗೆ ಕಟ್ಟಿದಿರಿ. ಕಣ್ಣು ಬಿಟ್ಟ ಕೂಡಲೇ ನಿದ್ದೆ ಎಷ್ಟಾಯಿತೆಂದು ತುಂಬಬೇಕು, ಊಟದ ತಟ್ಟೆಯ ಫೋಟೊ ಹಾಕಬೇಕು, ದಿನಕ್ಕೆ ಮೂರು ಸಲ ನಗುವುದರಿಂದ ಅಳುವವರೆಗಿನ ಐದು ಮುಖಚಿತ್ರಗಳ ಪೈಕಿ ನಮ್ಮದು ಯಾವುದೆಂದು ಒತ್ತಬೇಕು. ಊಟದ ಹೊತ್ತಿಗೆ ಫೋನ್ ಹಿಡಿದರೆ ಬೈಯುತ್ತಿದ್ದ ನನ್ನ ಹೆಂಡತಿ ಈಗ ಫೋಟೊ ಆಗುವ ತನಕ ತುತ್ತು ಎತ್ತಲು ಬಿಡುವುದಿಲ್ಲ. “ಆ ಹುಡುಗಿ ಕೆಲಸಕ್ಕೆ ಕುತ್ತು ತರ್ಬೇಡಿ, ತಟ್ಟೆ ಸ್ವಲ್ಪ ಬೆಳಕಿಗೆ ತಿರುಗ್ಸಿ.” ಐವತ್ತು ಮನೆಗಳ ನಿದ್ದೆ ದಾಖಲಿಸುತ್ತ ಹುಡುಗಿಯೇ ನಿದ್ದೆಗೆಟ್ಟಿದ್ದಾಳೆ. ಅದನ್ನು ಯಾವ ಕಾಲಮ್ಮಿನಲ್ಲಿ ತುಂಬಲಿ?

ನಾನು ದರ್ಜಿ. ನನ್ನ ಕಾಜಾ ನೋಡಿ ಬೇರೆ ದರ್ಜಿಗಳು ಕಸುಬನ್ನೇ ಬದಲಿಸಿದ್ದುಂಟು. ಹೆಜ್ಜೆ ಎಣಿಸುವ ನಿಮ್ಮ ಆ್ಯಪನ್ನು ಫೋನ್ ಸಮೇತ ಹೊಲಿಗೆ ಮೆಷಿನ್ನಿನ ಪೆಡಲಿಗೆ ಕಟ್ಟಿದೆ. ಎರಡು ಶರ್ಟು ಹೊಲಿಯುವಷ್ಟರಲ್ಲಿ ಹನ್ನೊಂದು ಸಾವಿರ ಹೆಜ್ಜೆ. ಸುದ್ದಿ ಹಬ್ಬಿ ಬೀದಿಯವರೆಲ್ಲ ಫೋನ್ ತಂದರು. ಕೂತಲ್ಲೇ ಎಲ್ಲರನ್ನೂ ನಡೆಸಿದೆ. ಸೊಂಟ ಹಿಡಿದು ಮಲಗಿದ್ದ ಬಡಗಿಯೂ ದಿನಕ್ಕೆ ಐದು ಮೈಲಿ ನಡೆದ. ನೀವು ನಮ್ಮ ಬೀದಿಗೆ ಪ್ರಶಸ್ತಿಪತ್ರ ಕೊಟ್ಟು, ಉಳಿದ ಬೀದಿಗಳ ಗುರಿಯನ್ನು ಇಮ್ಮಡಿ ಮಾಡಿದಿರಿ. ಆ ಬೀದಿಗಳವರ ಕ್ಷಮೆ ಕೇಳುತ್ತೇನೆ, ನಿಮ್ಮದಲ್ಲ. ಹುಡುಗಿಗೆ ಇದು ಗೊತ್ತಿರಲಿಲ್ಲ. ಗೊತ್ತಾದಾಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಇನ್ನು ಆ ಒಂದು ಗಂಟೆ ಹತ್ತು ನಿಮಿಷದ ವಿಷಯ. ಪಕ್ಕದ ಇಸ್ತ್ರಿ ಅಂಗಡಿಯಾಕೆ ಒಂದು ತಿಂಗಳಿಂದ ಬಿಡದೆ ನಗುಮುಖವನ್ನೇ ಒತ್ತಿದ್ದಳು. ನಿಮ್ಮ ಕಡತದಲ್ಲಿ ಇಡೀ ಬೀದಿಗೆ ಅವಳೇ ಸುಖಿ. ಆದರೆ ಎಂದೂ ಬಟ್ಟೆ ಸುಡದವಳು ಒಂದೇ ವಾರದಲ್ಲಿ ಮೂರು ಶರ್ಟು ಸುಟ್ಟು, ತೇಪೆ ಹಾಕಿಸಲು ನನ್ನ ಬಳಿ ತಂದಳು. ನಿಮ್ಮ ಆ್ಯಪಿಗೆ ಕಾಣದ್ದು ನನಗೆ ಕಂಡಿತೆಂದು ಹೇಳಿಕೊಳ್ಳಲು ಯಾವ ಸಂಕೋಚವೂ ಇಲ್ಲ. ಹುಡುಗಿಗೆ ಹೇಳಿ ಕಳಿಸಿದೆ. ಬಂದವಳು ಅಭ್ಯಾಸಬಲದಿಂದ ಫೋನ್ ನೋಡುತ್ತಲೇ ಕೇಳಿದಳು:

“ಇದ್ರಲ್ಲಿ ಖುಷಿಯಾಗಿದೀರಿ ಅಂತಾನೇ ಇದೆಯಲ್ಲಕ್ಕಾ?”

“ಅಳೋ ಮುಖ ಒತ್ತಿದ್ರೆ ಇನ್ನೂ ಹದಿನೆಂಟು ಪ್ರಶ್ನೆ ಬರ್ತವಮ್ಮ. ಅಷ್ಟೆಲ್ಲ ಬರೆಯೋಕೆ ನಂಗೆಲ್ಲಿ ತ್ರಾಣ?”

ಹುಡುಗಿ ಫೋನ್ ಆಫ್ ಮಾಡಿ ಬಟ್ಟೆ ಗಂಟಿನ ಮೇಲೆ ಕೂತಳು. “ಈಗ ಹೇಳಿ. ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?”

ಆಕೆ ಏನು ಹೇಳಿದಳೆಂದು ನಿಮಗೆ ಹೇಳುವುದಿಲ್ಲ; ಅದು ನಿಮ್ಮ ದತ್ತಾಂಶವಲ್ಲ. ಆಕೆಯ ಅಳು ಮುಗಿದ ಮೇಲೆ ಹುಡುಗಿ ಅವಳ ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು. ಈಗ ಆಕೆಗೆ ಒಂದಿಷ್ಟು ಊಟ ಸೇರುತ್ತಿದೆ, ಕಣ್ಣಿಗೆ ನಿದ್ದೆ ಹತ್ತುತ್ತಿದೆ. ನಿಮ್ಮ ಅಭಿಯಾನದಲ್ಲಿ ನಿಜವಾಗಿ ನಡೆದ ಕೆಲಸ ಅದೊಂದೇ. ಶಿಕ್ಷೆಯೂ ಅದೊಂದಕ್ಕೇ.

ನೋಟಿಸನ್ನು ಸೋಮವಾರಕ್ಕೆ ಮೊದಲೇ ಹಿಂಪಡೆಯಿರಿ. ಕಾಗದದ ಮೇಲೆ ಬರೆದು, ಸಹಿ ಹಾಕಿ ಕಳಿಸಿ. ಹುಡುಗಿ ಸಮಜಾಯಿಷಿ ಬರೆಯಲು ಕೂತು ನಾಲ್ಕು ದಿನವಾಯಿತು. ‘ಒಬ್ಬ ಹೆಂಗಸು ಅಳುತ್ತಿದ್ದಳು’ ಎಂದು ಬರೆಯುತ್ತಾಳೆ, ಹೊಡೆದುಹಾಕುತ್ತಾಳೆ. “ಇದು ಕಾರಣ ಅನ್ನಿಸ್ಕೊಳ್ಳುತ್ತಾ ಮಾವ?” ಎಂದು ನನ್ನನ್ನು ಕೇಳುತ್ತಾಳೆ. ಅವಳ ಪೆನ್ನನ್ನೇ ಇಸಿದುಕೊಂಡು ನಿಮಗೆ ಈ ಪತ್ರ ಬರೆಯಲು ಕೂತೆ. ಉತ್ತರ ಕೊಡಬೇಕಾದ ಕುರ್ಚಿ ನಿಮ್ಮದು.

ಇಂತಿ,
ಸೋದರಸೊಸೆಯ ಮುಂದೆ ಜೀವನದಲ್ಲಿ ಮೊದಲ ಸಲ ಮಾತಿಗೆ ತಡವರಿಸಿದ
ಆ ನರ್ಸಿನ ಸೋದರಮಾವ